ಶಾಲೆಯ ತಾರಸಿಯ ಮೇಲಿನ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ನಗರದಲ್ಲಿ ಒಂದು ಪ್ರಾಥಮಿಕ ಶಾಲೆಯಿದೆ. ಒಳಗೆ ಮಕ್ಕಳು ಪಾಠ ಕೇಳುತ್ತಿರುತ್ತಾರೆ. ತಾರಸಿಯ ಮೇಲೆ ಜನ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿರುತ್ತಾರೆ. ಒಗಟು ಹೇಳುತ್ತಿಲ್ಲ. ಶಾಲೆಯ ಹತ್ತಿರವೇ ಆಮ್‌ಸ್ಟರ್‌ಡ್ಯಾಮ್–ರೈನ್ ಕಾಲುವೆ ಹರಿಯುತ್ತದೆ, ಅದರಲ್ಲಿ ಸರಕಿನ ಹಡಗುಗಳು ಓಡಾಡುತ್ತವೆ. ಹಡಗು ಕೆಳಗೆ ನುಸುಳಬೇಕಾದರೆ ಸೇತುವೆ ಎತ್ತರವಾಗಿರಬೇಕು. ಎತ್ತರದ ಸೇತುವೆಯನ್ನು ಸೈಕಲ್ಲಿನವರು ಏದುಸಿರು ಬಿಡದೆ ಏರಬೇಕಾದರೆ ಏರುದಾರಿ ಉದ್ದವಾಗಿರಬೇಕು. ಅಷ್ಟು ಉದ್ದದ ದಾರಿಗೆ ಜಾಗವೆಲ್ಲಿ? ಶಾಲೆಯ ತಾರಸಿಯನ್ನೇ ಏರುದಾರಿ ಮಾಡಿಕೊಂಡರು. 2017ರಲ್ಲಿ ತೆರೆದ ಆ ಸೇತುವೆಗೆ ಡಾಫ್ನೆ ಸ್ಕಿಪ್ಪರ್ಸ್ ಅವರ ಹೆಸರಿಟ್ಟಿದ್ದಾರೆ. ಇದೇ ಊರಿನಲ್ಲಿ ಹುಟ್ಟಿದ ಓಟಗಾರ್ತಿ, 200 ಮೀಟರ್ ಓಟದಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್.

ತಮ್ಮನ ಮನೆಗೆಂದು ಹೋಗಿ ಆ ಊರಿನಲ್ಲಿ ಕೆಲವು ವಾರ ಇದ್ದೆ. ನಮ್ಮವರು ಹಾಲೆಂಡ್ ಎಂದ ಕೂಡಲೇ ಟುಲಿಪ್ ಹೂವು, ಗಾಳಿಯಂತ್ರ ಎನ್ನುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. ಅಲ್ಲಿ ನೆಲಕ್ಕೆ ಬಿಡುವಿಲ್ಲ. ಒಂದೊಂದು ಜಾಗಕ್ಕೂ ಎರಡೆರಡು ಕೆಲಸ. ಬಸ್ ತಂಗುದಾಣದ ಚಾವಣಿಯೂ ಸುಮ್ಮನೆ ಇರುವಂತಿಲ್ಲ. 2019ರಲ್ಲಿ 316 ತಂಗುದಾಣಗಳ ನೆತ್ತಿಯ ಮೇಲೆ ಸೀಡಮ್ ಎಂಬ ಪುಟ್ಟ ರಸವತ್ತಾದ ಗಿಡ ಬೆಳೆಸಿದರು. ಮಳೆನೀರು ಹೀರುತ್ತದೆ, ಜೇನುಹುಳುಗಳಿಗೂ ಆಯಿತು. ಕೆಳಗೆ ನಾವು ಬಸ್ಸಿಗೆ ಕಾಯುತ್ತೇವೆ, ಮೇಲೆ ಜೇನು ಬಂದು ಹೋಗುತ್ತದೆ. ಅದರ ಬಳಿ ವೇಳಾಪಟ್ಟಿಯೂ ಇಲ್ಲ.

ಇದೇ ಊರು ಒಮ್ಮೆ ಒಂದು ಜಾಗವನ್ನು ಇಡಿಯಾಗಿ ಕಾರಿಗೆ ಧಾರೆಯೆರೆದಿತ್ತು. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1122ರಲ್ಲಿ ಉಟ್ರೆಕ್ಟ್‌ಗೆ ಪಟ್ಟಣದ ಹಕ್ಕು ಸಿಕ್ಕಿದ ಕಾಲದ್ದು ಊರಿನ ಸುತ್ತಲಿನ ಕಂದಕ. ಮುತ್ತಿಗೆಯ ಕಾಲ ಮುಗಿದ ಮೇಲೂ ಅದು ನೀರು ತುಂಬಿಕೊಂಡು ಊರನ್ನು ಬಳಸಿ ಮಲಗಿತ್ತು. 1958ರಲ್ಲಿ ಜರ್ಮನಿಯ ಸಂಚಾರ ತಜ್ಞರೊಬ್ಬರು ವರದಿ ಕೊಟ್ಟರು: ಕಾರುಗಳು ಬರುತ್ತಿವೆ, ಕಂದಕ ಮುಚ್ಚಿ ರಸ್ತೆ ಮಾಡಿ. ಊರಿಡೀ ಬಳಸುವ ವರ್ತುಲ ರಸ್ತೆ ಕೊನೆಗೂ ಆಗಲಿಲ್ಲ. ಆದರೆ ರೈಲು ನಿಲ್ದಾಣದ ಹತ್ತಿರದ ಭಾಗ, ಕಾತರೈನೆ ಸಿಂಗಲ್ ಎಂಬುದು, ನೀರು ಬತ್ತಿಸಿಕೊಂಡು ಹೆದ್ದಾರಿಯಾಯಿತು. 1973ರಲ್ಲಿ ಅಲ್ಲಿ ದೋಣಿಯ ಬದಲು ಕಾರು ಓಡಿತು.

ತಪ್ಪು ಮಾಡುವುದು ಸುಲಭ. ಅಷ್ಟು ಡಾಂಬರು ಸುರಿದ ಮೇಲೆ ತಪ್ಪಾಯಿತೆನ್ನುವುದು ಕಷ್ಟ. 2002ರಲ್ಲಿ ನಿಲ್ದಾಣದ ಸುತ್ತಲ ಪ್ರದೇಶ ಹೇಗಿರಬೇಕೆಂದು ಊರಿನವರ ಮತ ಕೇಳಿದರು. ನೀರು ಮರಳಿ ಬರುವ ಯೋಜನೆಯನ್ನೇ ಜನ ಆರಿಸಿದರು. ಬಂತು, ಆದರೆ 2020ರ ಸೆಪ್ಟೆಂಬರಿನಲ್ಲಿ. ಮತ ಹಾಕಿದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಕಾಲೇಜಿಗೆ ಹೋಗುತ್ತಿತ್ತು. ಈಗ ಆ ನೀರು ಒಂದು ಕಡೆ ದೊಡ್ಡ ಮಾಲ್‌ನ ಅಡಿಯಲ್ಲೇ ಹಾದುಹೋಗುತ್ತದೆ. ಮೇಲೆ ವ್ಯಾಪಾರ, ಕೆಳಗೆ ದೋಣಿ. ಮತ್ತೆ ಎರಡು ಕೆಲಸ!

ಟ್ರಾಮ್ ವಿಚಾರದಲ್ಲೂ ಅವರದ್ದು ನಮ್ಮಂಥದೇ ಪಾಡು ಎಂದರೆ ಕೆಲವರಿಗೆ ಸಮಾಧಾನವಾದೀತು. ನಿಲ್ದಾಣದಿಂದ ವಿಶ್ವವಿದ್ಯಾಲಯದ ಕಡೆಗೆ ಹೋಗುತ್ತಿದ್ದ 12ನೇ ನಂಬರಿನ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬುತ್ತಿತ್ತು. ಅದರ ಬದಲಿಗೆ ಬರಬೇಕಾಗಿದ್ದ ಟ್ರಾಮ್ ಮಾರ್ಗ ಹೇಳಿದ ದಿನಕ್ಕೆ ಮುಗಿಯಲಿಲ್ಲ, ಹೇಳಿದ ದುಡ್ಡಿನಲ್ಲೂ ಮುಗಿಯಲಿಲ್ಲ. 2019ರ ಡಿಸೆಂಬರಿನಲ್ಲಿ ಅಂತೂ ಹೊರಟಿತು. ಎರಡು ಗಾಡಿ ಜೋಡಿಸಿದರೆ ಸುಮಾರು 75 ಮೀಟರ್ ಉದ್ದ. ತಿರುವಿನಲ್ಲಿ ಅದರ ಮುಖ ಒಂದು ಬೀದಿಯಲ್ಲಿ, ಬಾಲ ಇನ್ನೊಂದರಲ್ಲಿ.

ಇನ್ನು ನನ್ನ ಪೇಚಾಟ. ರೈಲು ನಿಲ್ದಾಣದ ಮುಂದಿನ ಚೌಕದ ಅಡಿಯಲ್ಲಿ, ಮೂರು ಅಂತಸ್ತುಗಳಲ್ಲಿ, ಸುಮಾರು 12,500 ಸೈಕಲ್ ನಿಲ್ಲಿಸುವ ತಾಣವಿದೆ. 2019ರಲ್ಲಿ ಪೂರ್ತಿಯಾದಾಗ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿಕೊಂಡಿತು. ಸೈಕಲ್ಲಿನಿಂದ ಇಳಿಯಬೇಕಾಗಿಲ್ಲ, ತುಳಿದುಕೊಂಡೇ ಒಳಗೆ ಹೋಗಬಹುದು. ಪ್ರತಿ ಸಾಲಿನ ತುದಿಯಲ್ಲೂ ಎಷ್ಟು ಜಾಗ ಖಾಲಿ ಎಂಬ ಅಂಕಿ ಬೆಳಗುತ್ತದೆ. ಒಂದು ಸಾಲಿನಲ್ಲಿ 9 ಕಂಡಿತು, ನುಗ್ಗಿದೆ. ಕೆಳಗಿನ ಜಾಗವೆಲ್ಲ ಭರ್ತಿ. ಮೇಲಿನ ಹಳಿಯನ್ನು ಹೊರಕ್ಕೆಳೆದು, ಬಗ್ಗಿಸಿ, ಸೈಕಲ್ ಏರಿಸಿ, ಮತ್ತೆ ಒಳಕ್ಕೆ ದೂಡಬೇಕು. ನಾನು ಹೆಣಗಾಡುತ್ತಿರುವಾಗ ಅಜ್ಜಿಯೊಬ್ಬರು ಬಂದು, ಒಂದೂ ಮಾತಾಡದೆ, ಮೊಣಕೈಯಿಂದ ಹಳಿಯನ್ನು ದೂಡಿ ಹೋದರು.

ಸಂಜೆ ಮರಳಿ ಬಂದಾಗ ತಮ್ಮ ಕೇಳಿದ: "ಅಕ್ಕ, ಸಾಲಿನ ನಂಬರ್ ನೋಡಿಕೊಂಡಿದ್ದೆಯಾ?"

"ಒಂಬತ್ತು," ಎಂದೆ ಧೈರ್ಯವಾಗಿ.

ಅದು ಸಾಲಿನ ನಂಬರ್ ಅಲ್ಲ, ಖಾಲಿ ಜಾಗದ ಲೆಕ್ಕ ಎಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಮೂರು ಅಂತಸ್ತು, ಹನ್ನೆರಡು ಸಾವಿರ ಸೈಕಲ್, ಬಹುಪಾಲು ಕಪ್ಪು, ನಮ್ಮದೂ ಕಪ್ಪು. ಕೊನೆಗೆ ಹ್ಯಾಂಡಲಿಗೆ ಕಟ್ಟಿದ್ದ ಹಳೆಯ ಬಟ್ಟೆಚೀಲವೇ ಗುರುತು ಹೇಳಿತು. ಮೊದಲ 24 ಗಂಟೆ ನಿಲುಗಡೆ ಉಚಿತವಾದ್ದರಿಂದ ದುಡ್ಡೇನೂ ತೆರಬೇಕಾಗಲಿಲ್ಲ. ತಮ್ಮ ಮಾತ್ರ ಮನೆ ಸೇರುವವರೆಗೂ, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ತಿರುಗಿ ನೋಡಿ, "ಒಂಬತ್ತು," ಎನ್ನುತ್ತಿದ್ದ.