ಇನ್ನೊಂದು ತುದಿಯಲ್ಲಿದ್ದವರು

ಶ್ರೋತೃಗಳಿಗೆ ನಮಸ್ಕಾರ.

ತುಮಕೂರಿನ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಪ್ರತಿ ವರ್ಷವೂ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಬರುತ್ತದೆ. ಏಕಾದಶಿ, ಸಂಕಷ್ಟಿ, ರಾಹುಕಾಲಗಳೆಲ್ಲ ಅದರಲ್ಲಿ ಅಚ್ಚಾಗಿಯೇ ಇರುತ್ತವೆ. ಹಾಲಿನ ಲೆಕ್ಕವನ್ನೂ ಗ್ಯಾಸ್ ಸಿಲಿಂಡರ್ ಬಂದ ತಾರೀಖನ್ನೂ ಮನೆಯವರು ಸೇರಿಸುತ್ತಾರೆ. ಇವುಗಳ ಸಂದಿಯಲ್ಲಿ ಕೆಂಪು ಶಾಯಿಯಿಂದ ಒಂದೊಂದು ಹೆಸರು ಬರೆದಿಡುವ ಚಾಳಿ ನನ್ನದು. ಕ್ರೀಡೆಯ ದೊಡ್ಡ ದಿನಗಳನ್ನು ಗುರುತು ಹಾಕಿಕೊಳ್ಳುವವರು ಬಹಳ ಮಂದಿ ಇದ್ದಾರೆ. ನಾನು ಮಾತ್ರ ಆ ದಿನ ಇನ್ನೊಂದು ತುದಿಯಲ್ಲಿ ನಿಂತಿದ್ದವರ ಹೆಸರನ್ನು ಬರೆಯುತ್ತೇನೆ. ನಮ್ಮೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡು ವರ್ಷಗಟ್ಟಲೆ ಸ್ಕೋರ್ ಬರೆದದ್ದರಿಂದ ಅಂಟಿದ ಅಭ್ಯಾಸ ಇದಿರಬೇಕು.

ಜೂನ್ 18ರ ಚೌಕದಲ್ಲಿ ಕಿರ್ಮಾನಿ ಎಂದಿದೆ. 1983ರ ವಿಶ್ವಕಪ್‌ನಲ್ಲಿ ಅಂದು ಶನಿವಾರ ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಸಣ್ಣ ಊರಿನಲ್ಲಿ ಭಾರತವು ಜಿಂಬಾಬ್ವೆಯ ಎದುರು ಆಡುತ್ತಿತ್ತು. ಗಾವಸ್ಕರ್ ಸೊನ್ನೆ, ಶ್ರೀಕಾಂತ್ ಸೊನ್ನೆ. ನೋಡನೋಡುತ್ತಿದ್ದಂತೆ 17 ರನ್ನಿಗೆ ಐದು ವಿಕೆಟ್‌ಗಳು ಉರುಳಿದವು. ಅಲ್ಲಿಂದ ಕಪಿಲ್ ದೇವ್ ಅಜೇಯ 175 ರನ್ ಹೊಡೆದು ತಂಡದ ಮೊತ್ತವನ್ನು 266ಕ್ಕೆ ಮುಟ್ಟಿಸಿದ್ದು ಮಕ್ಕಳಿಗೂ ಗೊತ್ತಿರುವ ಕಥೆ. ಆದರೆ 17ಕ್ಕೆ 5 ಆಗಿದ್ದಾಗ ಕಪಿಲ್ ಜೊತೆಗೆ ನಿಂತು 60 ರನ್ ಕೂಡಿಸಿದವರು ನಮ್ಮ ರೋಜರ್ ಬಿನ್ನಿ. ಎಂಟನೆಯ ವಿಕೆಟ್ 140ಕ್ಕೆ ಬಿದ್ದ ಮೇಲೆ ಬಂದವರು ನಮ್ಮ ಸಯ್ಯದ್ ಕಿರ್ಮಾನಿ. ಅವರ ಗಳಿಕೆ ಅಜೇಯ 24. ಮುರಿಯದೆ ಉಳಿದ ಆ ಜೊತೆಯಾಟದ ಮೊತ್ತ 126. ಏಕದಿನ ಪಂದ್ಯಗಳ ಒಂಬತ್ತನೆಯ ವಿಕೆಟ್ ಜೊತೆಯಾಟದಲ್ಲಿ ಅದನ್ನು ಮೀರಿಸುವವರು ಬರಲು 2010ರವರೆಗೆ ಕಾಯಬೇಕಾಯಿತು. ಆ ಮೈದಾನದಲ್ಲಿ ಟಿ.ವಿ. ಕ್ಯಾಮೆರಾ ಇರಲಿಲ್ಲವಾದ್ದರಿಂದ ಒಂದು ಹೊಡೆತದ ದೃಶ್ಯವೂ ಉಳಿದಿಲ್ಲ. ಮರುದಿನ ಭಾನುವಾರದ ಪತ್ರಿಕೆಯ ಸ್ಕೋರ್ ಪಟ್ಟಿಯಷ್ಟೇ ನಮಗೆ ದಕ್ಕಿದ್ದು, ಮತ್ತು ಪಟ್ಟಿ ಓದಲು ಬರುವವರ ಕಣ್ಣಿಗೆ 175ರಷ್ಟೇ ದಪ್ಪವಾಗಿ ಆ 24 ಕೂಡ ಕಾಣುತ್ತಿತ್ತು. ಒಂದು ವಾರ ಕಳೆದು ಜೂನ್ 25ರಂದು ಲಾರ್ಡ್ಸ್ ಅಂಗಳದ ಫೈನಲ್‌ನಲ್ಲಿ ಭಾರತ 161ಕ್ಕೆ ಒಂಬತ್ತು ವಿಕೆಟ್ ಕಳೆದುಕೊಂಡಾಗ, ಬಲ್ವಿಂದರ್ ಸಂಧು ಜೊತೆ ಸೇರಿ ಕೊನೆಯ 22 ರನ್ ಕೂಡಿಸಿದವರೂ ಕಿರ್ಮಾನಿಯೇ. ಗೆಲುವಿನ ಅಂತರ 43 ರನ್. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ ಪಡೆದವರು ಬಿನ್ನಿ ಎಂಬುದನ್ನು ಇಂದಿಗೂ ನೆನಪಿಸಿಯೇ ಹೇಳಬೇಕಾಗಿದೆ. ನನಗೆ ಇದು ಸ್ವಲ್ಪ ಬೇಸರದ ಸಂಗತಿ.

ಮಾರ್ಚ್ 14, 2001. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯ ತಂಡವು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ, 274 ರನ್ ಹಿಂದೆ ಬಿದ್ದಿದ್ದ ಭಾರತಕ್ಕೆ ಫಾಲೋ ಆನ್ ಹೇರಿತ್ತು, ಅಂದರೆ ಕೂಡಲೇ ಎರಡನೆಯ ಇನಿಂಗ್ಸ್ ಆಡಲು ಹೇಳಿತ್ತು. ನಾಲ್ಕನೆಯ ದಿನವಾದ ಆ ಬುಧವಾರ ಬೆಳಗ್ಗೆ ಕಚೇರಿಯ ಕೆಲಸಕ್ಕೆಂದು ಹೊರಟ ನಾನು ಬಿ.ಎಚ್. ರಸ್ತೆಯ ಟಿ.ವಿ. ಅಂಗಡಿಯೊಂದರ ಮುಂದೆ ಎರಡು ಓವರ್ ನೋಡಿ ಹೋದೆ. ಮಧ್ಯಾಹ್ನ ಊಟಕ್ಕೆ ಬರುವಾಗ ನಿಂತೆ. ಸಂಜೆ ಮನೆಗೆ ಮರಳುವಾಗಲೂ ನಿಂತೆ. ಮೂರು ಸಲವೂ ತೆರೆಯ ಮೇಲೆ ಅದೇ ಇಬ್ಬರು. ವಿ.ವಿ.ಎಸ್. ಲಕ್ಷ್ಮಣ್ ಮತ್ತು ರಾಹುಲ್ ದ್ರಾವಿಡ್ ಆ ದಿನ ಒಂದೂ ವಿಕೆಟ್ ಬೀಳಗೊಡದೆ 335 ರನ್ ಸೇರಿಸಿದ್ದರು. ಅವರ ಜೊತೆಯಾಟ ಮರುದಿನ 376ಕ್ಕೆ ಮುರಿಯಿತು, ಭಾರತ 171 ರನ್‌ಗಳಿಂದ ಗೆದ್ದಿತು. ಅದನ್ನು ಜಗತ್ತು ಲಕ್ಷ್ಮಣರ 281 ಎಂದು ಕರೆಯುತ್ತದೆ. ಕರೆಯಬೇಕಾದದ್ದೇ, ಅಂಥ ಆಟ ಅದು. ಆದರೆ ಆ ಇನಿಂಗ್ಸ್‌ನಲ್ಲಿ ದ್ರಾವಿಡ್ ತಮ್ಮ ಮೂರನೆಯ ಕ್ರಮಾಂಕವನ್ನು ಲಕ್ಷ್ಮಣರಿಗೆ ಬಿಟ್ಟುಕೊಟ್ಟು ಆರನೆಯವರಾಗಿ ಇಳಿದಿದ್ದರು. ಅವರ 180ರ ಆಟವನ್ನು ಕೊನೆಗೂ ಯಾವ ಬೌಲರನೂ ಮುರಿಯಲಿಲ್ಲ, ಅವರು ರನ್ ಔಟ್ ಆದರು. ನನ್ನ ಕ್ಯಾಲೆಂಡರಿನಲ್ಲಿ ಅಂದಿನ ಚೌಕ ದ್ರಾವಿಡ್ ಅವರದು.

ಅದೇ ತಿಂಗಳ 23ನೆಯ ತಾರೀಖಿನ ಬಗ್ಗೆ ಸ್ನೇಹಿತರೊಬ್ಬರು ನನ್ನನ್ನು ಕೆಣಕಿದ್ದುಂಟು. 1980ರ ಆ ದಿನ ಪ್ರಕಾಶ್ ಪಡುಕೋಣೆಯವರು ಲಂಡನ್ನಿನಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದರು. ಒಬ್ಬಂಟಿ ಆಟದಲ್ಲಿ ಇನ್ನೊಂದು ತುದಿ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಬಲೆಯ ಆಚೆ ಇದೆಯಲ್ಲ ಎಂದೆ. ಹಿಂದಿನ ಎರಡು ವರ್ಷ ಆ ಪ್ರಶಸ್ತಿಯನ್ನು ಗೆದ್ದಿದ್ದ ಇಂಡೋನೇಷ್ಯದ ಲಿಮ್ ಸ್ವೀ ಕಿಂಗ್ ಅಂದು 15-3, 15-10ರಿಂದ ಸೋತರು, ಮರುವರ್ಷ ಮತ್ತೆ ಬಂದು ಗೆದ್ದರು. ಅಂಥ ಎದುರಾಳಿಯ ಹೆಸರಿಗೆ ಒಂದು ಚೌಕ ಕೊಟ್ಟರೆ ಗಂಟೇನೂ ಹೋಗುವುದಿಲ್ಲ.

ಇನ್ನು ಫೆಬ್ರವರಿ 7. 1999ರ ಆ ಭಾನುವಾರ ನಾನು ಮೈದಾನದಲ್ಲಿ ಸ್ಕೋರ್ ಬರೆಯುತ್ತಿದ್ದೆ, ಮೇಜಿನ ಮೇಲೆ ಟ್ರಾನ್ಸಿಸ್ಟರ್ ಇತ್ತು. ದೆಹಲಿಯ ಕೋಟ್ಲಾ ಅಂಗಳದಲ್ಲಿ 420ರ ಗುರಿ ಬೆನ್ನಟ್ಟಿದ್ದ ಪಾಕಿಸ್ತಾನ ವಿಕೆಟ್ ಕಳೆದುಕೊಳ್ಳದೆ 101 ರನ್ ಗಳಿಸಿತ್ತು. ಅದಕ್ಕೂ ಮುಂಚಿನ ಚೆನ್ನೈ ಟೆಸ್ಟನ್ನು ಭಾರತ 12 ರನ್‌ಗಳಿಂದ ಸೋತಿತ್ತಾದ್ದರಿಂದ ಎಲ್ಲರ ಮುಖವೂ ಇಳಿದಿತ್ತು. ಊಟದ ನಂತರ ಅನಿಲ್ ಕುಂಬ್ಳೆ ವಿಕೆಟ್ ಮೇಲೆ ವಿಕೆಟ್ ಕೀಳತೊಡಗಿದಾಗ ನಮ್ಮ ಪಂದ್ಯ ತಾನಾಗಿ ನಿಂತಿತು. ಆಡುವ ಎರಡೂ ತಂಡಗಳು, ಅಂಪೈರ್ ಸಮೇತ, ನನ್ನ ಮೇಜಿನ ಸುತ್ತ ಸೇರಿದವು. ಹಿಂದಿ ವೀಕ್ಷಕ ವಿವರಣೆಯನ್ನು ನಾನು ಅರ್ಧಂಬರ್ಧ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಒಂಬತ್ತು ವಿಕೆಟ್ ಬಿದ್ದ ಮೇಲೆ ಮೈಸೂರಿನ ಜಾವಗಲ್ ಶ್ರೀನಾಥ್ ಚೆಂಡು ಹಿಡಿದರು. ಹತ್ತನೆಯದು ಗೆಳೆಯನ ಪಾಲಿಗೇ ಉಳಿಯಲೆಂದು, ಬ್ಯಾಟಿಗೆ ಎಟುಕದಂತೆ ಸ್ಟಂಪಿನಿಂದ ದೂರ ದೂರಕ್ಕೆ ಎಸೆದರು. ಅಂಪೈರ್ ವೈಡ್ ಕೊಟ್ಟರೂ ಲೆಕ್ಕಿಸಲಿಲ್ಲ. ವೃತ್ತಿಯಲ್ಲಿ 236 ಟೆಸ್ಟ್ ವಿಕೆಟ್ ಪಡೆದ ವೇಗಿಗೆ ವಿಕೆಟ್ ಬೇಡವೆಂದು ಚೆಂಡು ಹಾಕುವುದು ಎಷ್ಟು ಕಷ್ಟವಾಗಿರಬೇಕು! ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. 26.3 ಓವರ್, 74 ರನ್, 10 ವಿಕೆಟ್.

ಕುಂಬ್ಳೆಗಿಂತ ಮೊದಲು ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಹತ್ತೂ ವಿಕೆಟ್ ಪಡೆದಿದ್ದವರು ಒಬ್ಬರೇ. 1956ರ ಜುಲೈ 31ರಂದು ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಆಸ್ಟ್ರೇಲಿಯದ ಹತ್ತೂ ಮಂದಿಯನ್ನು 53 ರನ್ನಿಗೆ ಮುಗಿಸಿದರು. ಮೊದಲ ಇನಿಂಗ್ಸ್‌ನ ಒಂಬತ್ತೂ ಸೇರಿ ಪಂದ್ಯದಲ್ಲಿ ಅವರಿಗೆ 19. ಉಳಿದ ಒಂದು ವಿಕೆಟ್ ಇನ್ನೊಂದು ತುದಿಯಿಂದ ಎಸೆಯುತ್ತಿದ್ದ ಎಡಗೈ ಸ್ಪಿನ್ನರ್ ಟೋನಿ ಲಾಕ್ ಅವರದು. ಶ್ರೀನಾಥ್ ಬೇಡವೆಂದೇ ಎಸೆದರು. ಲಾಕ್ ಬೇಕೆಂದು ಅದೇ ತಿರುವಿನ ಅಂಕಣದಲ್ಲಿ ಎರಡು ಇನಿಂಗ್ಸ್ ಸೇರಿ 69 ಓವರ್ ಎಸೆದರು, ಲೇಕರ್ ಅವರಿಗಿಂತ ಒಂದು ಓವರ್ ಹೆಚ್ಚೇ. ಜುಲೈ 31ರ ಚೌಕದಲ್ಲಿ ನಾನು ಲಾಕ್ ಎಂದು ಬರೆದು, ಪಕ್ಕದಲ್ಲಿ 69 ಓವರ್, 1 ವಿಕೆಟ್ ಎಂದು ನಮೂದಿಸಿದ್ದೇನೆ. ಅದನ್ನು ನೋಡಿದ ಮನೆಯವರು, ಇದು ಯಾವ ಅಂಗಡಿಯ ಬಾಕಿ ಎಂದು ಒಮ್ಮೆ ಕೇಳಿದ್ದರು.

ನಮಸ್ಕಾರ.