ಗೊಣಗಾಟಕ್ಕೂ ಒಂದು ಪತ್ರಿಕೆ

ನೀವೀಗ ನೋಡುತ್ತಿರುವುದು ಲಂಡನ್ನಿನ ಸ್ಟ್ರಾಂಡ್ ರಸ್ತೆ. ಅದು ಸವಾಯ್ ಹೋಟೆಲ್, ಅದಕ್ಕೆ ಅಂಟಿಕೊಂಡೇ ಇರುವುದು ಸಿಂಪ್ಸನ್ಸ್. 1828ರಿಂದ ಇರುವ ಜಾಗ. ಬೀಫ್ ರೋಸ್ಟನ್ನು ಬೆಳ್ಳಿಯ ಗಾಡಿಯಲ್ಲಿ ಮೇಜಿನ ತನಕ ತಳ್ಳಿಕೊಂಡು ಬಂದು, ಎದುರಿಗೇ ಕತ್ತರಿಸಿ ಬಡಿಸುವುದಕ್ಕೆ ಹೆಸರುವಾಸಿ. ಮೈಸೂರಿನಿಂದ ಬಂದಿರುವ ನಮ್ಮಪ್ಪ ಪಕ್ಕಾ ಸಸ್ಯಾಹಾರಿ. ಹಾಗಾಗಿ ನಮ್ಮ ಶೂಟಿಂಗ್ ಫುಟ್‌ಪಾತಿನಲ್ಲೇ. ನಾವು ಬಂದದ್ದು ಊಟಕ್ಕಲ್ಲ, ಒಂದು ಪತ್ರಿಕೆಯ ಜಾಡು ಹಿಡಿದು.

ಪತ್ರಿಕೆಯ ಹೆಸರು 'ದಿ ಓಲ್ಡೀ'. ವಯಸ್ಸಾದವರಿಗೆ, ಅದರಲ್ಲೂ ಚೆನ್ನಾಗಿ ಓದಿಕೊಂಡ ವಯಸ್ಸಾದವರಿಗೆ ಅಂತಲೇ ಇರುವ ನಗೆಯ ಪತ್ರಿಕೆ. ಇದರ ಸಾಹಿತ್ಯದ ಊಟಗಳು ವರ್ಷಗಟ್ಟಲೆ ನಡೆದದ್ದು ಇದೇ ಸಿಂಪ್ಸನ್ಸ್‌ನಲ್ಲಿ. ಲೇಖಕರು ಬಂದು ಮಾತಾಡುತ್ತಾರೆ, ಓದುಗರು ದುಡ್ಡು ಕೊಟ್ಟು ಊಟ ಮಾಡುತ್ತಾ ಕೇಳುತ್ತಾರೆ.

ಶುರುಮಾಡಿದವರು ರಿಚರ್ಡ್ ಇಂಗ್ರಮ್ಸ್. 1963ರಿಂದ 1986ರ ತನಕ 'ಪ್ರೈವೇಟ್ ಐ' ಎಂಬ ವಿಡಂಬನೆಯ ಪತ್ರಿಕೆ ನಡೆಸಿ, ರಾಜಕಾರಣಿಗಳಿಂದ ಬೈಸಿಕೊಂಡು, ಕೋರ್ಟಿಗೆ ಅಲೆದು ಪಳಗಿದ ಮನುಷ್ಯ. 1992ರಲ್ಲಿ ಓಲ್ಡೀ ತೆಗೆದರು. ಟಿವಿ, ಪೇಪರು, ಜಾಹೀರಾತು ಎಲ್ಲವೂ ಹುಡುಗರ ಹಿಂದೆ ಬಿದ್ದಿದ್ದ ಕಾಲ. ಅದೇ ವರ್ಷ, 1841ರಿಂದ ಬರುತ್ತಿದ್ದ 'ಪಂಚ್' ಪತ್ರಿಕೆ ಬಾಗಿಲು ಹಾಕಿತು. ಅಂದರೆ ಇಂಗ್ಲೆಂಡಿನ ಹಳೇ ನಗೆಪತ್ರಿಕೆಯೇ ಉಸಿರು ಬಿಟ್ಟ ವರ್ಷ ಇವರು ಮುದುಕರಿಗಾಗಿ ಹೊಸದನ್ನು ಶುರುಮಾಡಿದ್ದು! ಧೈರ್ಯ ನೋಡಿ.

ಈ ಹಳೇ ಸಂಚಿಕೆಗಳ ಕಟ್ಟು ನನಗೆ ಸಿಕ್ಕಿದ್ದು ಚಾರಿಟಿ ಅಂಗಡಿಯಲ್ಲಿ. ಅಪ್ಪನ ಟೈಂಪಾಸಿಗೆ ಅಂತ ಸುಮ್ನೆ ತಂದಿದ್ದೆ. ಈಗ ಅವರು ಟಿವಿ ರಿಮೋಟ್ ಮುಟ್ಟುತ್ತಿಲ್ಲ.

ಒಂದು ಅಂಕಣ ತೋರಿಸುತ್ತೇನೆ, ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. 'ಐ ಒನ್ಸ್ ಮೆಟ್'. ಯಾರೋ ದೊಡ್ಡ ಮನುಷ್ಯರನ್ನು ಎಂದೋ ಒಂದು ಸಲ ಭೇಟಿಯಾದ ಕತೆ, ಅಷ್ಟೇ. ಇಲ್ಲಿ ದೊಡ್ಡ ಮನುಷ್ಯರು ದೊಡ್ಡ ಮಾತು ಆಡಲೇಬೇಕು ಅಂತೇನಿಲ್ಲ. ಪಕ್ಕದ ಪುಟದಲ್ಲಿ 'ನಾಟ್ ಮೆನಿ ಡೆಡ್'. ಕ್ಲಾಡ್ ಕಾಕ್‌ಬರ್ನ್ ಎಂಬ ಪತ್ರಕರ್ತ, ಅತ್ಯಂತ ಸಪ್ಪೆ ತಲೆಬರಹ ಬರೆಯುವ ಪಂದ್ಯದಲ್ಲಿ ತಾನೇ ಗೆದ್ದೆ ಎಂದು ಹೇಳಿಕೊಳ್ಳುತ್ತಿದ್ದರು. ಅವರ ತಲೆಬರಹ: ಚಿಲಿಯಲ್ಲಿ ಸಣ್ಣ ಭೂಕಂಪ, ಹೆಚ್ಚು ಜನ ಸತ್ತಿಲ್ಲ. ಈ ಅಂಕಣದ ಹೆಸರು ಬಂದದ್ದು ಅಲ್ಲಿಂದ. ಬೇರೆ ಬೇರೆ ಪೇಪರುಗಳಲ್ಲಿ ಅಚ್ಚಾದ, ಯಾರಿಗೂ ಬೇಡದ ಸುದ್ದಿಗಳನ್ನು ಆರಿಸಿ ಗಂಭೀರವಾಗಿ ಹಾಕುತ್ತಾರೆ.

ಆದರೆ ಅಪ್ಪನಿಗೆ ಜಾಸ್ತಿ ಹಿಡಿಸಿದ್ದು ವಿಲ್ಫ್ರೆಡ್ ಡೆಆತ್. ಒಂದು ಕಾಲಕ್ಕೆ ಬಿಬಿಸಿ ರೇಡಿಯೋದಲ್ಲಿ ನಿರ್ಮಾಪಕ. ಆಮೇಲೆ ಹೋಟೆಲಿನಲ್ಲಿ ಉಳಿದು, ಬಿಲ್ ಕೊಡದೆ ಮಾಯವಾಗುವುದೇ ಕಸುಬಾಯಿತು. ಇಂಗ್ಲೆಂಡಿನಲ್ಲೂ ಫ್ರಾನ್ಸಿನಲ್ಲೂ ಜೈಲು ಕಂಡ. ಆ ಬದುಕನ್ನೇ ಓಲ್ಡೀಯಲ್ಲಿ ಅಂಕಣವಾಗಿ ಬರೆದ. 2020ರಲ್ಲಿ ತೀರಿಕೊಂಡ. "ನೋಡು ಪುಟ್ಟಿ, ನಮ್ಮಲ್ಲಾದ್ರೆ ಇವನ ಕೈಲಿ ಕೊನೇ ಪ್ಯಾರಾದಲ್ಲಿ ನೀತಿಪಾಠ ಬರೆಸ್ತಿದ್ರು" ಎಂದರು ಅಪ್ಪ.

ಇನ್ನು ಇವರ 'ವರ್ಷದ ಓಲ್ಡೀ' ಪ್ರಶಸ್ತಿ. 2011ರಲ್ಲಿ 90 ತುಂಬಿದ ಪ್ರಿನ್ಸ್ ಫಿಲಿಪ್‌ಗೆ ಕೊಟ್ಟರು. ವರ್ಷ ಓಡುತ್ತಿದೆ, ಹಳೇ ದೇಹದಿಂದ ಒಂದೊಂದೇ ಭಾಗ ಕಳಚಿ ಬೀಳುತ್ತಿದೆ ಅಂತ ನೆನಪಿಸಿದರೆ ಎಷ್ಟು ಹುರುಪು ಬರುತ್ತದೆ ಎನ್ನುವ ಅರ್ಥದ ಪತ್ರ ಬರೆದು ಒಪ್ಪಿಕೊಂಡರು. 2021ರಲ್ಲಿ ರಾಣಿ ಎಲಿಜಬೆತ್‌ರನ್ನೇ ಕೇಳಿದರು. ಆಗ ಅವರಿಗೆ 95. ಅರಮನೆಯಿಂದ ಉತ್ತರ ಬಂತು: ಮನಸ್ಸಿಗೆ ಎಷ್ಟು ಅನಿಸುತ್ತದೋ ಅಷ್ಟೇ ವಯಸ್ಸು ಅನ್ನುವುದು ರಾಣಿಯವರ ನಂಬಿಕೆ, ಹಾಗಾಗಿ ಈ ಪ್ರಶಸ್ತಿಗೆ ಬೇಕಾದ ಅರ್ಹತೆ ತಮಗಿಲ್ಲ, ಬೇರೆ ಯೋಗ್ಯರನ್ನು ಹುಡುಕಿ! ಹುಡುಕಿದರು. 90ರ ನಟಿ ಲೆಸ್ಲಿ ಕರೋನ್ ಸಿಕ್ಕರು.

ಇದನ್ನು ಓದಿ ಅಪ್ಪ ಕನ್ನಡಕ ತೆಗೆದು ನಕ್ಕರು. "ನಾನು ವರ್ಷಾ ವರ್ಷ ನವೆಂಬರಿನಲ್ಲಿ ಬದುಕಿದ್ದೀನಿ ಅಂತ ಲೈಫ್ ಸರ್ಟಿಫಿಕೇಟ್ ಕೊಡ್ತೀನಲ್ಲ, ಈ ಸಲ ಹೀಗೇ ಒಂದು ಪತ್ರ ಬರೀತೀನಿ. ನನಗಿನ್ನೂ ರಿಟೈರ್ ಆದಂಗೆ ಅನ್ನಿಸ್ತಿಲ್ಲ, ಆದ್ರೂ ಪೆನ್ಷನ್ ಹಾಕಿ ಅಂತ."

ಇಷ್ಟು ಹೊಗಳಿದ ಮೇಲೆ ಒಂದು ಕೊಂಕು ತೆಗೆಯುತ್ತೇನೆ. ಈ ಬಳಗ ತುಂಬಾ ಚಿಕ್ಕದು. ಪ್ರೈವೇಟ್ ಐ ಕಾಲದ ಇಂಗ್ರಮ್ಸ್ ಗೆಳೆಯರಲ್ಲಿ ಹಲವರು ಶ್ರೂಸ್‌ಬರಿ ಶಾಲೆಯ ಸಹಪಾಠಿಗಳು. ಅವರ ನಂತರ ಓಲ್ಡೀ ಸಂಪಾದಕರಾದ ಅಲೆಕ್ಸಾಂಡರ್ ಚಾನ್ಸಲರ್ ಈಟನ್ನಿನವರು. ಎರಡೂ ಸಿರಿವಂತರ ಬೋರ್ಡಿಂಗ್ ಶಾಲೆಗಳು. ಎಷ್ಟೋ ಕಡೆ ಲೇಖಕ ನೆನಪು ಮಾಡಿಕೊಳ್ಳುವುದು ತನ್ನ ಬೋರ್ಡಿಂಗ್ ಶಾಲೆಯನ್ನೇ. ಗೊಣಗಲು ಬಸ್ ಡ್ರೈವರಿಗೂ ಕಾರಣ ಇರುತ್ತದೆ, ಅಲ್ವಾ? ಅವನ ಗೊಣಗಾಟ ಇಲ್ಲಿ ಅಪರೂಪ.

ಆದರೂ ಓದಿಸಿಕೊಂಡು ಹೋಗುತ್ತದೆ. ಯಾಕೆಂದರೆ ಇದು ಹಿರಿಯರನ್ನು ತಿದ್ದಲು ಹೋಗುವುದಿಲ್ಲ. ನಮ್ಮಲ್ಲಿ ಹಿರಿಯರಿಗೆಂದು ಒಂದು ಪುಟ ಮೀಸಲಿಟ್ಟರೆ ಸಾಕು, ಅದರಲ್ಲಿ ಸಕ್ಕರೆ ಕಾಯಿಲೆ, ವಿಲ್ ಬರೆಯುವುದು ಹೇಗೆ, ಬೆಳಗಿನ ವಾಕಿಂಗ್. ಇವರು ಮುದುಕರಿಗೆ ಹಟ ಮಾಡಲು, ಜಗಳ ಕಾಯಲು ಜಾಗ ಕೊಡುತ್ತಾರೆ. ತಮಾಷೆ ಎಂದರೆ 2014ರಲ್ಲಿ ಪತ್ರಿಕೆಯ ಒಡೆಯರ ಜೊತೆ ಜಗಳವಾಗಿ ಇಂಗ್ರಮ್ಸ್ ತಾವೇ ಬಿಟ್ಟು ಹೋದರು. ಆಗ ಅವರಿಗೆ 76. ಪತ್ರಿಕೆಯ ಗುಣಕ್ಕೆ ತಕ್ಕ ಹಾಗೇ!

ಅಪ್ಪ ನಡುವೆ ಕೊರವಂಜಿಯ ಸುದ್ದಿ ಎತ್ತಿದರು. ಡಾಕ್ಟರ್ ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಶುರುಮಾಡಿದ ಕನ್ನಡದ ನಗೆಪತ್ರಿಕೆ. ಅದಕ್ಕೆ ಚಿತ್ರ ಬರೆದವರಲ್ಲಿ ಮೈಸೂರಿನ ಹುಡುಗ ಆರ್. ಕೆ. ಲಕ್ಷ್ಮಣ್ ಒಬ್ಬರು. ಅವರು ಓದಲು ಕಲಿಯುವ ಮೊದಲೇ ಮನೆಯಲ್ಲಿದ್ದ ಪಂಚ್ ಪತ್ರಿಕೆಯ ಚಿತ್ರಗಳನ್ನು ನೋಡಿ ಬೆಳೆದವರು. 1967ರಲ್ಲಿ ಕೊರವಂಜಿ ನಿಂತಿತು.

ಸರಿ, ಮಳೆ ಹನಿಯಲು ಶುರುವಾಯಿತು, ಅಪ್ಪ ಛತ್ರಿ ಬೇಡ ಅನ್ನುತ್ತಿದ್ದಾರೆ. ನಿಮ್ಮ ಮನೆಯ ಹಿರಿಯರ ಈ ವಾರದ ಗೊಣಗಾಟ ಏನು, ಕೆಳಗೆ ಬರೆಯಿರಿ. ಮೊಣಕಾಲು ನೋವೊಂದು ಬಿಟ್ಟು.