ದೂರದ ಬೆಟ್ಟಕ್ಕೆ ಎಷ್ಟು ಬಣ್ಣ?

ಕೇಳುಗರಿಗೆ ನಮಸ್ಕಾರ.

ಮಳೆ ಬಿಟ್ಟ ಬೆಳಿಗ್ಗೆ ಕುದುರೆಮುಖದ ಕಡೆ ಹೋದವರಿಗೆ ಈ ನೋಟ ಗೊತ್ತು. ಎದುರಿಗಿನ ಗುಡ್ಡ ಕಡುಹಸಿರು, ಅದರಾಚೆಯದು ಮಾಸಲು ಹಸಿರು, ಇನ್ನೂ ಹಿಂದಿನದು ನೀಲಿ. ಕಟ್ಟಕಡೆಯದು ಬೆಟ್ಟವೋ ಬಾನೋ ಹೇಳಲಾಗದು. ನಡುವಿನ ಗಾಳಿ, ತೇವ ಬೆಳಕನ್ನು ಚದುರಿಸುವುದರಿಂದ ಹೀಗೆ.

ನಾನು ಸ್ಕ್ರೀನ್ ಪ್ರಿಂಟ್ ಚಿತ್ರಗಳನ್ನು ಮಾಡುವವಳು. ಮದುವೆ ಪತ್ರಿಕೆ ಅಚ್ಚು ಹಾಕಿಸಿದವರು ಈ ಕೆಲಸ ನೋಡಿರುತ್ತೀರಿ: ಚೌಕಟ್ಟಿಗೆ ಬಿಗಿದ ತೆಳುಬಟ್ಟೆ, ಅದರ ಮೇಲೆ ಇಂಕು, ರಬ್ಬರ್ ಪಟ್ಟಿಯಿಂದ ಒಂದು ಎಳೆತ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಕುಂಚದ ಹಾಗೆ ಬಣ್ಣವನ್ನು ಬಣ್ಣದೊಳಗೆ ಕರಗಿಸುವುದು ಇಲ್ಲಿ ಸುಲಭವಲ್ಲ, ಬೀಳುವುದು ಚಪ್ಪಟೆ ಬಣ್ಣ. ಅದರಲ್ಲೇ ಕಣಿವೆಯ ಆಳ ಬರಬೇಕು.

ಇದನ್ನು ಕಲಿಯಲು ನಾನು ಮತ್ತೆ ಮತ್ತೆ ನೋಡುವುದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಹಳೆಯ ಪೋಸ್ಟರುಗಳನ್ನು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಕಲಾವಿದರಿಗೆ ಅಲ್ಲಿನ ಸರ್ಕಾರ ಉದ್ಯೋಗ ಕೊಟ್ಟಿತು. ಅಂಗಡಿ ಫಲಕಗಳಿಗೆ ಬಳಕೆಯಾಗುತ್ತಿದ್ದ ಈ ಕಸುಬನ್ನು ನ್ಯೂಯಾರ್ಕಿನ ಪೋಸ್ಟರ್ ವಿಭಾಗಕ್ಕೆ ತಂದವರು ಆಂಟನಿ ವೆಲೋನಿಸ್. ಮುಂದೆ 1938ರಿಂದ 1941ರವರೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಉದ್ಯಾನಗಳಿಗಾಗಿ 14 ವಿನ್ಯಾಸಗಳು ಅಚ್ಚಾದವು. ಮೊದಲನೆಯದು ಗ್ರ್ಯಾಂಡ್ ಟೀಟನ್ ಬೆಟ್ಟಗಳದ್ದು. ಬಂಡೆಯ ಬಿರುಕನ್ನೆಲ್ಲ ಬಿಡಿಸುವ ಆಸೆಗೆ ಆ ಕಲಾವಿದರು ಬೀಳಲಿಲ್ಲ. ಬಿಸಿಲು ಬಿದ್ದ ಮೈಗೆ ಒಂದು ಆಕಾರ, ನೆರಳಿಗೆ ಇನ್ನೊಂದು, ಅಷ್ಟೇ. ಅಷ್ಟರಲ್ಲೇ ಪರ್ವತ ಎದ್ದು ನಿಲ್ಲುತ್ತದೆ.

ನಾನು ಮಾತ್ರ ಆ ಆಸೆಗೆ ಬಿದ್ದಿದ್ದೆ. ನನ್ನ ಮೊದಲ ಬೆಟ್ಟದ ಚಿತ್ರದಲ್ಲಿ ತೀರ ಹಿಂದಿನ ಸಾಲಿನ ಮೇಲೂ ಮರಗಳನ್ನು ಒಂದೊಂದಾಗಿ ಬಿಡಿಸಿದೆ. ಅಚ್ಚಾದಾಗ ಆ ಸಾಲು ಎದುರಿನ ಗುಡ್ಡದ ಪಕ್ಕಕ್ಕೇ ಬಂದು ನಿಂತುಬಿಟ್ಟಿತು. ‘ದೂರದ ಬೆಟ್ಟ ನುಣ್ಣಗೆ’ ಎನ್ನುವುದನ್ನು ನಾವು ಎಚ್ಚರಿಕೆಯ ಮಾತಾಗಿ ಆಡುತ್ತೇವೆ. ನನಗೆ ಅದು ಕಸುಬಿನ ಸೂತ್ರ. ದೂರ ಹೋದಂತೆ ಅಂಚು ಸರಳವಾಗಬೇಕು, ವಿವರ ಉದುರಬೇಕು, ಬಣ್ಣ ತಂಪಾಗಿ ಬಾನಿನ ಬಣ್ಣಕ್ಕೆ ಹತ್ತಿರವಾಗಬೇಕು. ಒರಟು, ಬಿಸಿ ಬಣ್ಣ, ಕಡುಕಪ್ಪು ಇವೆಲ್ಲ ಹತ್ತಿರದ್ದಕ್ಕೆ ಮೀಸಲು. ಮಂಜಿಗಂತೂ ಬಣ್ಣವೇ ಬೇಡ, ಕಾಗದದ ಬಿಳಿಯನ್ನು ಮುಟ್ಟದೆ ಬಿಟ್ಟರಾಯಿತು.

ಸಾಮಾನ್ಯವಾಗಿ ತಿಳಿಬಣ್ಣ ಮೊದಲು, ಕಡುಬಣ್ಣ ಕೊನೆಗೆ. ತಿಳಿಯ ಅಂಚನ್ನು ಕಡುವಿನ ಅಡಿಗೆ ಕೂದಲೆಳೆಯಷ್ಟು ಚಾಚಿರುತ್ತೇವೆ. ಇಲ್ಲದಿದ್ದರೆ ಕಾಗದ ಸ್ವಲ್ಪ ಸರಿದರೂ ನಡುವೆ ಬಿಳಿ ಗೆರೆ ಇಣುಕುತ್ತದೆ. ಪಾರದರ್ಶಕ ಇಂಕಾದರೆ ಹಳದಿಯ ಮೇಲೆ ನೀಲಿ ಹಾಯ್ದಲ್ಲಿ ಹಸಿರು ತಾನಾಗಿ ಹುಟ್ಟುತ್ತದೆ, ಒಂದು ಸ್ಕ್ರೀನ್ ಉಳಿಯುತ್ತದೆ.

ಐದು ಬಣ್ಣದ ಚಿತ್ರದಲ್ಲಿ ನಾಲ್ಕು ಮುಗಿದಾಗಲೂ ಕಣಿವೆ ಇನ್ನೂ ಕಾಗದಕ್ಕೆ ಅಂಟಿಕೊಂಡೇ ಇರುತ್ತದೆ. ಐದನೆಯದು ಕಡುಬಣ್ಣದ ಒಂದು ಕೊಂಬೆ, ಚಿತ್ರದ ಮೂಲೆಯಿಂದ ಅಡ್ಡ ಚಾಚಿದ್ದು. ಪಟ್ಟಿ ಎಳೆದು ಸ್ಕ್ರೀನ್ ಎತ್ತುತ್ತೇನೆ. ಕೊಂಬೆ ಮುಂದೆ ಬಂದಿರುತ್ತದೆ, ಅದರ ಹಿಂದೆ ಒಂದೊಂದೇ ಬೆಟ್ಟ ತನ್ನ ಜಾಗಕ್ಕೆ ಸರಿದಿರುತ್ತದೆ.